ಕರೆಂಟ್ ಒಲೆಯ ಮೇಲೆ ಹಾಲುಕ್ಕಿಸಿದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಾಗರದ ಪೇಟೆಯಲ್ಲಿ ಯಾರನ್ನು ಕೇಳಿದರೂ, ವೈರಿಂಗ್ ವಾಸಪ್ಪನ ಕೆಲಸ ಚೊಕ್ಕ, ಬಾಯಿ ಮಾತ್ರ ಕೆಟ್ಟದ್ದು ಎನ್ನುತ್ತಿದ್ದರು. ಇಪ್ಪತ್ತು ವರ್ಷ ಅದನ್ನು ಹೊಗಳಿಕೆ ಎಂದೇ ತಿಳಿದು ತಿರುಗಿದವನು ನಾನು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವವನಿಗೆ ನಯವಾಗಿ ಹೇಳುತ್ತಾ ಕೂತರೆ, ಮಾತು ಮುಗಿಯುವುದರೊಳಗೆ ಅವನೇ ಮುಗಿದಿರುತ್ತಾನೆ. ಗದರಿದರೆ ಕೈ ಹಿಂದಕ್ಕೆ ಬರುತ್ತದೆ. ನನ್ನ ವಾದ ಅಷ್ಟೇ ಆಗಿತ್ತು.

ಅದು ೧೯೮೦ರ ಬೇಸಿಗೆ. ಹೊಸನಗರದಲ್ಲಿ ನನ್ನ ತಂಗಿ ಹೂವಮ್ಮ ಮತ್ತು ಅವಳ ಗಂಡ ಮಂಜಯ್ಯ ಹೊಸ ಮನೆ ಕಟ್ಟಿಸಿದ್ದರು. ಭಾವ ಹೈಸ್ಕೂಲಿನಲ್ಲಿ ಗುಮಾಸ್ತ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಸಣ್ಣ ಜಗುಲಿ, ಇಷ್ಟೇ ಮನೆ. ಹೂವಿಗೆ ಚಿಕ್ಕಂದಿನಿಂದಲೂ ದಮ್ಮು. ಒಲೆ ಊದಿ ಊದಿ ಅದು ಹೆಚ್ಚಾಗಿ, ಹೊಗೆ ಬಿಡದಿದ್ದರೆ ಔಷಧಿ ಕೊಟ್ಟೂ ಪ್ರಯೋಜನವಿಲ್ಲ ಎಂದು ತೀರ್ಥಹಳ್ಳಿಯ ಡಾಕ್ಟರು ಹೇಳಿಬಿಟ್ಟಿದ್ದರು. ಸೀಮೆಎಣ್ಣೆ ಸ್ಟೌ ಇಡೋಣವೆಂದರೆ, ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತರೂ ಡಬ್ಬ ಖಾಲಿಯೇ ಮನೆಗೆ ಬರುತ್ತಿದ್ದ ಕಾಲ. ಗ್ಯಾಸು ನಮ್ಮಂಥವರ ಮನೆಯ ಮಾತಾಗಿರಲಿಲ್ಲ. ಕೊನೆಗೆ ನಾನೇ ಶಿವಮೊಗ್ಗಕ್ಕೆ ಹೋಗಿ ಒಂದು ಕರೆಂಟ್ ಒಲೆ ತಂದೆ. ಕಬ್ಬಿಣದ ಮೈ, ಮೇಲೆ ಪಿಂಗಾಣಿ ತಟ್ಟೆ, ತಟ್ಟೆಯ ಗೀರುಗಳಲ್ಲಿ ಸುತ್ತಿ ಮಲಗಿಸಿದ ಸುರುಳಿ ತಂತಿ. ಸ್ವಿಚ್ಚು ಹಾಕಿದರೆ ಸುರುಳಿ ಕೆಂಪಗೆ ಕಾಯುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ. ಆದರೆ ಆ ಸುರುಳಿಗೆ ಮುಚ್ಚಳವೂ ಇಲ್ಲ. ಕರೆಂಟು ಹರಿಯುವ ತಂತಿ ಕಣ್ಣೆದುರಿಗೇ ಬರಿಮೈಯಲ್ಲಿ ಬಿದ್ದಿರುತ್ತದೆ.

ಹೂವಿಯನ್ನು ಎದುರಿಗೆ ನಿಲ್ಲಿಸಿಕೊಂಡು ಅರ್ಧ ದಿನ ಪಾಠ ಹೇಳಿದೆ. ತಳ ಚಪ್ಪಟೆಯಾದ ಪಾತ್ರೆಯನ್ನೇ ಇಡು, ಗುಂಡು ತಳದ್ದು ಇಟ್ಟರೆ ಕಾವೆಲ್ಲ ಪಕ್ಕಕ್ಕೆ ಹೋಗಿ ಕರೆಂಟಿನ ಬಿಲ್ಲು ಏರುತ್ತದೆ, ಅನ್ನ ಮಾತ್ರ ಬೇಯುವುದಿಲ್ಲ ಎಂದೆ. ಪಾತ್ರೆ ಇಟ್ಟ ಮೇಲೆ ಸ್ವಿಚ್ಚು ಹಾಕಬೇಕು, ಸ್ವಿಚ್ಚು ಆರಿಸಿದ ಮೇಲೆ ಪಾತ್ರೆ ಇಳಿಸಬೇಕು. ಕೈ ಒರೆಸಿಕೊಳ್ಳದೆ ಹತ್ತಿರ ಸುಳಿಯಬಾರದು. ಬರಿಗಾಲನ್ನು ನೆಲಕ್ಕೆ ಊರಿ ನಿಲ್ಲಬಾರದು, ಒಣಗಿದ ಮರದ ಮಣೆ ಹಾಕಿಕೊಂಡು ಅದರ ಮೇಲೆ ನಿಲ್ಲಬೇಕು. ಒಲೆ ಕಾಯುತ್ತಿರುವಾಗ ಕಬ್ಬಿಣದ ಸೌಟು ಬೇಡ, ಮರದ್ದು ಇರಲಿ. ಏನಾದರೂ ಚೆಲ್ಲಿದರೆ ಮೊದಲು ಪ್ಲಗ್ಗು ಕೀಳು, ಪೂರ್ತಿ ತಣಿಯಲಿ, ಆಮೇಲೆ ಒರೆಸು. ಇಷ್ಟನ್ನೂ ಅವಳಿಂದ ಎರಡೆರಡು ಸಲ ಒಪ್ಪಿಸಿಕೊಂಡೆ.

"ಅಣ್ಣ, ನೀ ಮೇಷ್ಟ್ರಾಗಿದ್ರೆ ಮಕ್ಳೆಲ್ಲ ಊರು ಬಿಟ್ಟು ಓಡಿಹೋಗ್ತಿದ್ವು" ಎಂದು ನಕ್ಕಳು. ಆದರೆ ಒಂದನ್ನೂ ತಪ್ಪದೆ ಹೇಳಿದಳು.

ತೊಡಕು ತಂದದ್ದು ಅವಳ ಅತ್ತೆ ಕನ್ನಮ್ಮ. ಹೊಸ ಮನೆಗೆ ಒಕ್ಕಲಾಗುವ ದಿನ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕಿ ಪಾತ್ರೆಯ ಹೊರಗೆ ಚೆಲ್ಲುವಂತೆ ಮಾಡುವುದು ನಮ್ಮಲ್ಲಿ ಯಾರೂ ಬಿಡುವ ಶಾಸ್ತ್ರವಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಉಕ್ಕಿಸಿ ಎಂದು ಭಾವ ಹೇಳಿ ನೋಡಿದ. ಕನ್ನಮ್ಮ ಒಪ್ಪಲಿಲ್ಲ.

"ದಿನಾ ಅನ್ನ ಬೇಯೋದು ಯಾವ ಒಲೇಲಿ? ಅದ್ರಲ್ಲೇ ಉಕ್ಬೇಕು. ಹಿತ್ಲಲ್ಲಿ ಉಕ್ಸಿದ್ರೆ ಹಿತ್ಲಿಗೆ ಒಳ್ಳೇದಾಗ್ತದೆ, ಮನೆಗಲ್ಲ" ಎಂದರು.

ಬೇರೆ ವೈರ್‌ಮನ್ ಆಗಿದ್ದರೆ ಸುತರಾಂ ಆಗದು ಎನ್ನುತ್ತಿದ್ದ. ಹಾಲು ಆ ಬರಿ ಸುರುಳಿಯ ಮೇಲೆ ಚೆಲ್ಲಿದರೆ ಒಲೆಯ ಕಬ್ಬಿಣದ ಮೈಗೂ ಮೇಲಿನ ಪಾತ್ರೆಗೂ ಕರೆಂಟು ಬರುತ್ತದೆ, ಮುಟ್ಟಿದವರನ್ನು ಹಿಡಿದುಕೊಂಡು ಬಿಡುವುದಿಲ್ಲ. ಆದರೆ ನಾನು ಜಂಬದ ಮನುಷ್ಯ. "ಎಷ್ಟು ಬೇಕಾದ್ರೂ ಉಕ್ಸಿ. ನನ್ನ ಅರ್ತಿಂಗ್ ಇರೋವರೆಗೆ ಒಂದು ಇರುವೆನೂ ಸಾಯಲ್ಲ" ಎಂದುಬಿಟ್ಟೆ.

ಅರ್ತಿಂಗ್ ಎಂದರೆ ಇಷ್ಟೇ. ಅಂಗಳದಲ್ಲಿ ಆಳದ ಗುಂಡಿ ತೋಡಿ, ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ಅದರ ಸುತ್ತ ಒಂದು ವರಸೆ ಇದ್ದಿಲು, ಒಂದು ವರಸೆ ಉಪ್ಪು ತುಂಬಿ, ನೀರು ಹೊಯ್ದು ಮುಚ್ಚುವುದು. ಉಪ್ಪು ಮತ್ತು ಇದ್ದಿಲು ಮಣ್ಣಿನ ತೇವವನ್ನು ಹಿಡಿದಿಡುತ್ತವೆ. ಒಲೆಯ ಮೈಯಿಂದ ಹೊರಟ ತಂತಿ ಪ್ಲಗ್ಗಿನ ಮೂರನೆಯ ಕಡ್ಡಿಯ ಮೂಲಕ ಬಂದು ಈ ಪೈಪಿಗೆ ಸೇರುತ್ತದೆ. ಮೈಗೆ ಕರೆಂಟು ಸೋರಿತೆಂದರೆ ಅದು ಈ ದಾರಿ ಹಿಡಿದು ನೆಲಕ್ಕಿಳಿಯುತ್ತದೆ, ಆ ರಭಸಕ್ಕೆ ಫ್ಯೂಸು ಸುಟ್ಟು ಎಲ್ಲವೂ ನಿಲ್ಲುತ್ತದೆ. ಅಂಥ ಒಲೆಯ ಮೇಲೆ ಹಾಲುಕ್ಕಿಸಬೇಕಾದರೆ ಆ ಗುಂಡಿಯೇ ಎಲ್ಲ.

ಗುಂಡಿ ತುಂಬಿ ಮುಚ್ಚಿದ್ದು ಒಂದು ಮಧ್ಯಾಹ್ನ. ಹೂವಿ ಮತ್ತು ಭಾವ ಬಾಡಿಗೆ ಮನೆಯಲ್ಲಿದ್ದರು. ಹೊಸ ಮನೆಯಲ್ಲಿ ಆಳುಗಳನ್ನು ನೋಡಿಕೊಳ್ಳಲು ಕನ್ನಮ್ಮ ಒಬ್ಬರೇ ಇದ್ದರು. ಕೊನೆಯ ಬುಟ್ಟಿ ಮಣ್ಣು ಎಳೆಯುವಾಗ ಜಗುಲಿಗೆ ಬಂದು ನಿಂತರು.

"ಎಂತಕ್ಕೆ ವಾಸಪ್ಪ ಈ ಗುಂಡಿ? ಎಂತ ಹೂತಿದ್ದು?"

"ನಿಮಗೆ ಹೇಳಿದ್ರೆ ಅರ್ಥ ಆಗೋದಲ್ಲ ಅಮ್ಮ. ನಿಮ್ಮ ಕೆಲಸ ನೀವು ನೋಡಿ."

ಅವರು ಒಂದು ಗಳಿಗೆ ನನ್ನನ್ನೇ ನೋಡಿ ಒಳಗೆ ಹೋದರು. ಬಿಸಿಲಿತ್ತು, ಹೊಟ್ಟೆ ಹಸಿದಿತ್ತು ಎಂದು ಈಗ ನೆಪ ಹೇಳಬಹುದು. ನಿಜವೆಂದರೆ, ಈ ಮುದುಕಿಗೆ ಹೇಳಿ ಏನಾಗಬೇಕಿದೆ ಎನಿಸಿತ್ತು. ಅದೇ ಸಂಜೆ ಸಾಗರಕ್ಕೆ ವಾಪಸಾದೆ.

ನಾಲ್ಕು ದಿನ ಕಳೆದು ಒಕ್ಕಲಿನ ದಿನ ಬಂತು. ಹಾಲುಕ್ಕುವುದು ತಪ್ಪಿದರೂ ಊಟಕ್ಕೆ ಮುಟ್ಟಿದರಾಯಿತು ಎಂದುಕೊಂಡು ಎಂಟೂವರೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಆರಾಮವಾಗಿ ಕೂತೆ. ಅದು ರಾತ್ರಿ ಹೊಸನಗರದಲ್ಲಿ ಉಳಿದು, ಬೆಳಿಗ್ಗೆ ಸಾಗರಕ್ಕೆ ಬಂದು, ಮತ್ತೆ ಹಿಂದಿರುಗುವ ಬಸ್ಸು. ಕಂಡಕ್ಟರ್ ಜಯಪ್ಪ ಭಾವನ ಹೊಸ ಮನೆಯ ಕೇರಿಯವನೇ. ಟಿಕೇಟು ಹರಿದು ಕೊಟ್ಟವನು ಮುಂದೆ ಹೋಗದೆ ನನ್ನ ಸೀಟಿನ ತುದಿಗೆ ಕೂತು ದನಿ ತಗ್ಗಿಸಿದ.

"ಒಕ್ಕಲಿಗೆ ಹೊರಟ್ರಾ ವಾಸಣ್ಣ? ಅಲ್ಲಿ ನಿನ್ನೆ ಎಂತ ಆಯ್ತು ಗೊತ್ತಾ? ಮಾಟ ಸಿಕ್ತಂತೆ."

"ಯಾರ ಮಾಟ?"

"ಅದೇ ಗೊತ್ತಿಲ್ಲ. ಚಪ್ಪರದ ಕಂಬ ಹೂಳೋಕೆ ಭೂತಪ್ಪ ಬಂದಿದ್ದ. ಅಂಗಳದ ಮೂಲೇಲಿ ಹಾರೆ ಹಾಕ್ತಾನೆ, ಬರೀ ಉಪ್ಪು, ಇದ್ಲು. ನಡೂಮಧ್ಯ ಒಂದು ಕಬ್ಬಿಣದ ಕೊಳವೆ, ಅದಕ್ಕೆ ತಂತಿ ಬಿಗಿದದ್ದು. ಕನ್ನಮ್ಮ ನಡುಗಿಬಿಟ್ರಂತೆ. ಭೂತಪ್ಪನ ಕೈಲಿ ಆಣೆ ಹಾಕ್ಸಿ, ತಂತಿ ಕಡ್ಸಿ, ಎಲ್ಲಾ ಬಳಿದು ಹೊಳೆಗೆ ಹಾಕ್ಸಿದ್ರು. ಮನೆಯೋರಿಗೂ ಗೊತ್ತಿಲ್ಲ. ಭೂತಪ್ಪ ನಂಗೊಬ್ಬಂಗೆ ಹೇಳಿದ್ದು, ನೀವೂ ಯಾರಿಗೂ ಹೇಳ್ಬೇಡಿ."

ಅದು ನನ್ನ ಅರ್ತ್ ಗುಂಡಿ. ಜಯಪ್ಪ ಇನ್ನೂ ಏನೋ ಹೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ಜೇಬಿನಿಂದ ಒಕ್ಕಲಿನ ಕಾಗದ ತೆಗೆದೆ. ಹಾಲುಕ್ಕಿಸುವ ಮುಹೂರ್ತ ಹತ್ತು ಗಂಟೆ ಹತ್ತು ನಿಮಿಷಕ್ಕೆ ಎಂದು ಭಾವನ ಗುಂಡು ಅಕ್ಷರದಲ್ಲಿ ಬರೆದಿತ್ತು. ಬಸ್ಸು ಹೊಸನಗರ ಮುಟ್ಟುವುದು ಹತ್ತಕ್ಕೆ. ನಿಲ್ದಾಣದಿಂದ ಮನೆಗೆ ಒಂದು ಮೈಲಿ.

ದಾರಿಯುದ್ದಕ್ಕೂ ಹೂವಿಯೇ ಕಣ್ಣ ಮುಂದೆ ಬಂದಳು. ಹಾಲು ಇಳಿಸುವವಳು ಮನೆಯ ಸೊಸೆ. ಹಾಲು ಚೆಲ್ಲುವಾಗ ಸ್ವಿಚ್ಚು ಆರಿಸಬಾರದು, ಒಲೆ ಉರಿಯುತ್ತಿರುವಾಗಲೇ ಉಕ್ಕಬೇಕು, ಇಳಿಸಬೇಕು ಎನ್ನುವುದು ಶಾಸ್ತ್ರ. ಅವಳು ಹೆದರುವುದಿಲ್ಲ, ಯಾಕೆಂದರೆ ಒಂದು ಇರುವೆಯೂ ಸಾಯುವುದಿಲ್ಲ ಎಂದು ಅಣ್ಣ ಹೇಳಿದ್ದಾನೆ. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲು ಬಿಟ್ಟುಕೊಂಡು, ಆಗ ತಾನೇ ತೊಳೆದ ನೆಲದ ಮೇಲೆ, ಹಿತ್ತಾಳೆ ಪಾತ್ರೆಗೆ ಎರಡೂ ಕೈ ಹಾಕುತ್ತಾಳೆ. ನಾನೇ ತಂದ ಒಲೆ, ನಾನೇ ಎಳೆದ ತಂತಿ. ನನ್ನ ತಂಗಿಯನ್ನು ನಾನೇ ಕೊಂದಂತಾಗುತ್ತದೆ.

ಬಟ್ಟೆಮಲ್ಲಪ್ಪದಲ್ಲಿ ಬಸ್ಸು ನಿಂತಿತು. ಯಾರೋ ಹಲಸಿನ ಹಣ್ಣುಗಳನ್ನು ಒಂದೊಂದಾಗಿ ಮೇಲಕ್ಕೆ ಏರಿಸುತ್ತಿದ್ದರು. ಹತ್ತೋ ಹನ್ನೆರಡೋ ಹಣ್ಣು. ಮೇಲಿದ್ದವನು ಒಂದೊಂದನ್ನೂ ಹಗ್ಗಕ್ಕೆ ಕಟ್ಟಿ, ತಟ್ಟಿ ನೋಡಿ, ಮತ್ತೊಂದಕ್ಕೆ ಕೈಚಾಚುತ್ತಿದ್ದ. ಅಂಚೆ ಕಚೇರಿಗೆ ಓಡಿ ಫೋನು ಮಾಡೋಣವೆಂದರೆ ಭಾವನ ಕೇರಿಯಲ್ಲಿ ಒಂದು ಮನೆಯಲ್ಲೂ ಫೋನಿರಲಿಲ್ಲ. ನಾನು ಎದ್ದು ಡ್ರೈವರ್ ಗೋಪಾಲಪ್ಪನ ಹಿಂದೆ ಹೋಗಿ ನಿಂತೆ. ಹಿಂದಿನ ವರ್ಷ ಅವನ ಮನೆಯ ಇಸ್ತ್ರಿಪೆಟ್ಟಿಗೆಯ ತಂತಿ ನೋಡಿ, ನಿನ್ನಂಥವನ ಕೈಗೆ ಬಸ್ಸು ಕೊಟ್ಟವರು ಯಾರು ಎಂದು ನಾಲ್ಕು ಜನರೆದುರು ಕೇಳಿದ್ದೆ.

"ಗೋಪಾಲಪ್ಪ, ಬೇಗ ಹೊರಡು ಮಾರಾಯ. ಒಂದು ಜೀವದ ಪ್ರಶ್ನೆ."

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ಎಂತ ವಾಸಪ್ಪ, ಇವತ್ತು ದನಿ ಇಷ್ಟು ಸಣ್ಣ ಆಗಿದೆ?" ಎಂದ.

ಹೇಳಿದೆ. ಮರ್ಯಾದೆ ಬಿಟ್ಟು ಎಲ್ಲವನ್ನೂ ಹೇಳಿದೆ. ಅವನು ಹಾರನ್ನು ಒತ್ತಿ ಹಿಡಿದು ಬಸ್ಸು ಹೊರಡಿಸಿದ. ಎರಡು ಹಲಸಿನ ಹಣ್ಣು ರಸ್ತೆಯಲ್ಲೇ ಉಳಿದವು, ಅವುಗಳ ಯಜಮಾನ ಬೈಯುತ್ತಾ ಅರ್ಧ ಫರ್ಲಾಂಗು ಓಡಿ ಬಂದು ಏಣಿ ಹಿಡಿದು ನೇತಾಡಿದ. ಮುಂದೆ ಕೈ ಅಡ್ಡ ಹಿಡಿದ ಮೂರು ಕಡೆ ಗೋಪಾಲಪ್ಪ ನಿಲ್ಲಿಸಲೇ ಇಲ್ಲ. ಕೇಳಿದವರಿಗೆ ಬ್ರೇಕು ಹಿಡೀತಿಲ್ಲ ಎಂದು ಜಯಪ್ಪ ಸುಳ್ಳು ಹೇಳಿದ. ಒಳಗಿದ್ದವರೆಲ್ಲ ಇನ್ನಷ್ಟು ಬಿಗಿಯಾಗಿ ಕಂಬಿ ಹಿಡಿದುಕೊಂಡರು.

ಆದರೂ ಹೊಸನಗರದಲ್ಲಿ ಇಳಿದಾಗ ಹತ್ತಾಗಿ ಎರಡು ನಿಮಿಷ. ಪಂಚೆ ಮೇಲಕ್ಕೆ ಕಟ್ಟಿ ಓಡಿದೆ. ನಲವತ್ತೈದು ದಾಟಿದ ಮೈ, ಓಡಿ ಯಾವ ಕಾಲವಾಗಿತ್ತೋ. ಏರಿನಲ್ಲಿ ಎದೆ ಹಿಡಿದುಕೊಂಡಿತು. ನಿಂತರೆ ಹೂವಿ ಹೋದಳು ಎನ್ನುವುದೊಂದೇ ತಲೆಯಲ್ಲಿತ್ತು. ದಾರಿಯಲ್ಲಿ ಯಾರೋ ಹೆಸರು ಹಿಡಿದು ಕೂಗಿದರು, ತಿರುಗಿ ನೋಡಲಿಲ್ಲ.

ಅಂಗಳಕ್ಕೆ ಬಂದಾಗ ಒಳಗೆ ಜಾಗಟೆ ಬಾರಿಸುತ್ತಿದ್ದರು. ನಾನು ಗುಂಡಿ ಮುಚ್ಚಿದ್ದ ಜಾಗದಲ್ಲಿ ಈಗ ಚಪ್ಪರದ ಕಂಬ ನಿಂತಿತ್ತು, ಬುಡದಲ್ಲಿ ರಂಗೋಲಿ ಇತ್ತು. ಜಗುಲಿ ತುಂಬ ಜನ. ಅಲ್ಲಿಂದಲೇ ಅಡುಗೆಮನೆಯ ಬಾಗಿಲಲ್ಲಿ ಹೆಂಗಸರ ಭುಜಗಳ ನಡುವೆ ಒಲೆ ಕಟ್ಟೆ ಕಂಡಿತು. ಹಾಲಿನ ನೊರೆ ಪಾತ್ರೆಯ ಕಂಠಕ್ಕೆ ಬಂದಿತ್ತು.

ಕಟ್ಟೆಯ ಮುಂದೆ ಇದ್ದವಳು ಹೂವಿಯಲ್ಲ. ಹೂವಿ ಒಂದು ಪಕ್ಕಕ್ಕೆ, ಒಣ ಮಣೆಯ ಮೇಲೆ, ಕೈ ಕಟ್ಟಿಕೊಂಡು ನಿಂತಿದ್ದಳು. ಒಲೆಯ ಮುಂದೆ ಕನ್ನಮ್ಮ ಇದ್ದರು. ಬಿಳಿಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಬರಿಗಾಲು ತೊಳೆದ ನೆಲದ ಮೇಲಿತ್ತು. ಕೈಯಲ್ಲಿ ಪಾತ್ರೆ ಹಿಡಿಯಲು ಒದ್ದೆ ಬಟ್ಟೆ.

"ಮುಟ್ಬೇಡಿ" ಎಂದು ಕೂಗಿದೆ. ಜಾಗಟೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಆ ಜನರ ನಡುವೆ ನುಗ್ಗಿ ಅಡುಗೆಮನೆ ಸೇರುವುದರೊಳಗೆ ಎಲ್ಲ ಮುಗಿಯುತ್ತಿತ್ತು. ಮೀಟರಿನ ಬೋರ್ಡು ಇದ್ದದ್ದು ಜಗುಲಿಯ ಗೋಡೆಗೆ. ಇಬ್ಬರನ್ನು ತಳ್ಳಿ, ಮಾವಿನ ಎಲೆಯ ತೋರಣ ಹರಿದು, ಮೈನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆದೆ.

ಜಗುಲಿಯ ಫ್ಯಾನು ನಿಧಾನವಾಯಿತು. ಅಡುಗೆಮನೆಯ ದೀಪ ಆರಿತು. ಆದರೆ ಕಾದ ಸುರುಳಿ ಅಷ್ಟು ಬೇಗ ತಣಿಯುವುದಿಲ್ಲ. ಉಳಿದ ಕಾವಿಗೇ ಹಾಲು ಮೇಲೆ ಬಂತು, ನಾಲ್ಕೂ ಕಡೆ ಉಕ್ಕಿ ಸುರುಳಿಯ ಮೇಲೆ ಚುರ್ರೆಂದು ಸುರಿಯಿತು. ಹೆಂಗಸರು ಸಂತೋಷದಿಂದ ಅಕ್ಕಿಕಾಳು ಹಾಕಿದರು. ಕನ್ನಮ್ಮ ಒದ್ದೆ ಬಟ್ಟೆಯಲ್ಲಿ ಪಾತ್ರೆ ಹಿಡಿದು ಇಳಿಸಿ ಕೆಳಗಿಟ್ಟರು. ಏನೂ ಆಗಲಿಲ್ಲ.

ಏನೂ ಆಗದೇ ಇದ್ದದ್ದರಿಂದ ಎಲ್ಲರ ಕಣ್ಣಿಗೂ ನಾನೇ ಹುಚ್ಚನಾದೆ. "ಎಂತ ಭಾವ ಇದು. ಶುಭ ಹೊತ್ನಲ್ಲಿ ಕರೆಂಟ್ ತೆಗೆಯೋದಾ?" ಎಂದು ಮಂಜಯ್ಯ ಬಂದ. ಅವನ ಮುಖ ಕೆಂಪಾಗಿತ್ತು. ಯಾರೋ ಹಿರಿಯರು ಹರಿದ ತೋರಣ ಎತ್ತಿಕೊಂಡು ಚ್ಚುಚ್ಚು ಎಂದರು.

ನನಗೆ ಉಸಿರಿರಲಿಲ್ಲ. ಮಾತಿನಲ್ಲಿ ಹೇಳಿದರೆ ಯಾರೂ ನಂಬುವ ಹಾಗೂ ಇರಲಿಲ್ಲ. ಎಲ್ಲರನ್ನೂ ಅಡುಗೆಮನೆಯಿಂದ ಹೊರಗೆ ಕಳಿಸಿದೆ. ಹೆಗಲಿನ ಚೀಲದಿಂದ ನಾನು ಕೆಲಸಕ್ಕೆ ಇಟ್ಟುಕೊಳ್ಳುವ ಬಲ್ಬು ತೆಗೆದೆ, ಹೋಲ್ಡರಿನಿಂದ ಎರಡು ತಂತಿ ಬಿಟ್ಟದ್ದು. ಒಂದು ತುದಿಯನ್ನು ಒಲೆಯ ಕಬ್ಬಿಣದ ಮೈಗೆ ಸಿಕ್ಕಿಸಿದೆ. ಇನ್ನೊಂದನ್ನು ಕಿಟಕಿಯಿಂದ ಹೊರಗೆ ಬಿಟ್ಟು, ಬಚ್ಚಲ ನೀರು ಹೋಗಿ ಹಸಿಯಾದ ಮಣ್ಣಿನಲ್ಲಿ ಹಾರೆ ಇಳಿಸಿ ಅದಕ್ಕೆ ಸುತ್ತಿದೆ. ಯಾರೂ ಏನನ್ನೂ ಮುಟ್ಟಬೇಡಿ ಎಂದು ಹೇಳಿ, ಭಾವನಿಗೆ ಮೈನ್ ಹಾಕಲು ಕೂಗಿದೆ.

ಬಲ್ಬು ಹತ್ತಿತು. ಒಲೆಯ ಮೈಗೆ ಹಾಲು ಹರಿದ ದಾರಿಯಲ್ಲೇ ಕರೆಂಟು ಬಂದಿತ್ತು. ಬಾಗಿಲಲ್ಲಿ ನಿಂತವರೆಲ್ಲ ಕತ್ತು ಚಾಚಿದರು.

"ನೋಡಿದ್ರಾ?" ಎಂದೆ. "ಈ ಬಲ್ಬಿನ ಜಾಗದಲ್ಲಿ ಒಂದು ಜೀವ ಇರ್ತಿತ್ತು."

ಭಾವ ತಾನಾಗಿಯೇ ಮೈನ್ ಆರಿಸಿದ. ಅಷ್ಟಕ್ಕೇ ನಾನು ಸುಮ್ಮನಾಗಬಹುದಿತ್ತು. ಆದರೆ ಉಸಿರು ಬಂದಿತ್ತು, ಉಸಿರಿನ ಜೊತೆ ಸಿಟ್ಟೂ ಬಂದಿತ್ತು. "ನನ್ನ ಅರ್ತ್ ಗುಂಡಿ ಕಿತ್ತು ಹೊಳೆಗೆ ಹಾಕಿದ್ದು ಯಾರು? ಉಪ್ಪು ಇದ್ಲು ಕಂಡ್ರೆ ಮಾಟವಾ? ಈ ಕಾಲದಲ್ಲೂ ಅಷ್ಟು ಬುದ್ಧಿ ಇಲ್ವಾ?" ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಾಡಿದೆ. ಚಪ್ಪರದ ಕಂಬದ ಹತ್ತಿರ ಭೂತಪ್ಪ ತಲೆ ತಗ್ಗಿಸಿದ. ಅವನು ತಗ್ಗಿಸಿದ್ದು ನೋಡಿ ಎಲ್ಲರೂ ಕನ್ನಮ್ಮನ ಕಡೆ ತಿರುಗಿದರು. ಅವರು ಹಾಲಿನ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ನಡೆದರು. ಅಲ್ಲಿ ಅಡುಗೆಯವರು ಸೌದೆ ಒಲೆ ಹೂಡಿದ್ದರು.

ಗುಂಡಿ ಮತ್ತೆ ಆಗುವವರೆಗೆ ಒಲೆ ಹಚ್ಚಬಾರದು ಎಂದು ಹೇಳಿ ಪ್ಲಗ್ಗು ಕಿತ್ತು ಜೇಬಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಹಿತ್ತಲಿಂದ ಕರೆ ಬಂತು.

"ವಾಸಪ್ಪ, ಇಲ್ಲಿ ಬಾ."

ಬಾವಿಕಟ್ಟೆಯ ಹತ್ತಿರ ಕನ್ನಮ್ಮ ಒಬ್ಬರೇ ನಿಂತಿದ್ದರು. ಕೂದಲು ಇನ್ನೂ ಒದ್ದೆಯಿತ್ತು. ಬೈಯುತ್ತಾರೆ ಎಂದುಕೊಂಡು, ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡೇ ಹೋದೆ. ಅವರು ದನಿ ಏರಿಸಲಿಲ್ಲ.

"ನಾ ಅವತ್ತು ಕೇಳ್ದೆ, ನೀ ಹೇಳ್ಲಿಲ್ಲ. ನಿನ್ನೆ ಉಪ್ಪು ಇದ್ಲು ಎದ್ದಾಗ, ನೀನೇ ಮಾಡ್ಸಿದ್ದು ಅಂದ್ಕಂಡೆ. ನಮ್ಮನೆ ಮೇಲೆ ಎಂತದೋ ಹಗೆ ಇದೆ ಇವನಿಗೆ ಅಂತ."

"ಅಮ್ಮ, ನಾನು..."

"ಹೇಳೋದು ಕೇಳು. ಮಂಜಂಗೆ ಗೊತ್ತಾದ್ರೆ ಹೂವಿಯನ್ನ ತವರಿಗೆ ಅಟ್ತಾನೆ. ಹೂವಿಗೆ ಗೊತ್ತಾದ್ರೆ, ಅಣ್ಣನೇ ಹಿಂಗೆ ಮಾಡಿದ ಅಂತ ಆ ಹುಡುಗಿ ತಲೆ ಎತ್ತಿ ಬದುಕೋದು ಹೆಂಗೆ? ಅದಕ್ಕೇ ಭೂತಪ್ಪನ ಬಾಯಿ ಕಟ್ಸಿ, ಎಲ್ಲಾ ಹೊಳೆಗೆ ಹಾಕ್ಸಿ ಸುಮ್ನಾದೆ."

ನನಗೆ ಒಂದು ಪ್ರಶ್ನೆ ಉಳಿದಿತ್ತು.

"ಹಾಲು ಇಳಿಸ್ಬೇಕಾದೋಳು ಹೂವಿ ಅಲ್ವಾ ಅಮ್ಮ? ನೀವು ಯಾಕೆ ಮುಂದೆ ಹೋದ್ರಿ?"

ಅವರು ಸೆರಗಿನ ತುದಿಯಲ್ಲಿ ಕಿವಿಯ ಹಿಂದಿನ ನೀರು ಒರೆಸಿಕೊಂಡರು. "ಮಾಟದ್ದು ಒಂಚೂರು ಎಲ್ಲಾದ್ರೂ ಉಳಿದಿದ್ರೆ ಮೊದಲು ಮುಟ್ಟಿದೋರಿಗೆ ತಾಗ್ತದೆ. ನಂದು ಆಯ್ತು ಮಾರಾಯ, ಅವಳು ಬಾಳಿ ಬದುಕೋಳು. ಅದಕ್ಕೇ ಅವಳನ್ನ ಮಣೆ ಮೇಲೆ ನಿಲ್ಸಿ ನಾನು ಕೈ ಹಾಕ್ದೆ."

ಇದನ್ನು ಯಾವ ದೊಡ್ಡಸ್ತಿಕೆಯೂ ಇಲ್ಲದೆ, ಮೊಸರಿಗೆ ಹೆಪ್ಪು ಹಾಕಿದೆ ಎನ್ನುವ ಹಾಗೆ ಹೇಳಿದರು. ನಾನು ಬಾವಿಕಟ್ಟೆಯ ಮೇಲೆ ಕೂತೆ. ಗುಂಡಿಯೊಳಗೆ ಏನಿದೆ, ಯಾಕಿದೆ ಎಂದು ಹೇಳಲು ಆವತ್ತು ನನಗೆ ಎರಡು ನಿಮಿಷ ಸಾಕಿತ್ತು. ಬುದ್ಧಿ ಇಲ್ವಾ ಎಂದು ಊರೆದುರು ಕೇಳಿಸಿಕೊಂಡಾಗಲೂ ನನ್ನ ಮೇಲಿನ ಅನುಮಾನವನ್ನು ಅವರು ಹೊರಗೆ ಬಿಡಲಿಲ್ಲ. ನಾಚಿಕೆ ಎಂದರೆ ಏನು ಎಂದು ನನಗೆ ಗೊತ್ತಾದದ್ದು ಆ ಕಟ್ಟೆಯ ಮೇಲೆ ಕೂತಾಗ.

"ತಪ್ಪಾಯ್ತು ಅಮ್ಮ. ನಾಲ್ಕು ಬೈದುಬಿಡಿ" ಎಂದೆ.

"ಬೈಯೋಕೆ ನಿನ್ನಷ್ಟು ನಂಗೆ ಬರಲ್ಲ" ಎಂದು ಸ್ವಲ್ಪ ನಕ್ಕರು. "ಏಳು, ಎಲೆ ಹಾಕ್ತಾರೆ."

ಮಧ್ಯಾಹ್ನ ಪಂಕ್ತಿಯಲ್ಲಿ ಭಾವನ ಪಕ್ಕದಲ್ಲೇ ನನ್ನ ಎಲೆ ಇತ್ತು. ಉಕ್ಕಿಸಿದ ಹಾಲಿನಲ್ಲೇ ಪಾಯಸ ಮಾಡಿದ್ದರು. ಅದನ್ನು ಮನೆಯ ಹಿರಿಯರೇ ಬಡಿಸಬೇಕೆಂದು ಕನ್ನಮ್ಮ ಪಾತ್ರೆ ಹಿಡಿದು ಸಾಲಿನಲ್ಲಿ ಬಂದರು. ನನ್ನ ಎಲೆಯ ಮುಂದೆ ಬಾಗಿದಾಗ ಸೌಟು ಹಿಡಿದ ಕೈ ನನ್ನ ಕಣ್ಣ ಹತ್ತಿರಕ್ಕೆ ಬಂತು. ನರ ಎದ್ದ, ಸುಕ್ಕು ಹಿಡಿದ ಕೈ, ಮೊಣಕೈ ತನಕ ಅರಿಶಿನದ ಬಣ್ಣ. ಬೆಳಿಗ್ಗೆ ಹಾಲಿನ ಪಾತ್ರೆ ಇಳಿಸಿದ್ದ ಆ ಕೈಯನ್ನೇ ನೋಡುತ್ತಾ ಕೂತೆ.

"ಸಾಕಾ ವಾಸಪ್ಪ? ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದರು.

"ಹಾಕಿ ಅಮ್ಮ" ಎಂದು ಎಲೆಯನ್ನು ಅವರ ಕಡೆಗೆ ಸರಿಸಿದೆ.